ಸಿ ಭಾಷೆಯ ಮುಕ್ತ ಸಲಕರಣೆಗಳು

ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರಲು, ಬಿಡಿಭಾಗಗಳನ್ನು ಒಟ್ಟುಗೂಡಿಸಲು, ತಪ್ಪು ಹಿಡಿಯಲು ಬಳಸುವ, ತಮ್ಮದೇ ಮೂಲ ಕೋಡನ್ನು ಎಲ್ಲರಿಗೂ ತೆರೆದಿಟ್ಟಿರುವ ತಂತ್ರಾಂಶಗಳು. ಕಂಪೈಲರ್, ಡೀಬಗರ್, ಮೆಮೊರಿ ತಪಾಸಕ, ಓಡುವ ಕೋಡಿನ ಜಾಡು ಹಿಡಿಯುವ ಟ್ರೇಸರ್ ಇವುಗಳಲ್ಲಿ ಮುಖ್ಯವಾದವು.

ಸಿ ಭಾಷೆಯನ್ನು ಡೆನ್ನಿಸ್ ರಿಚಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1972ರ ಹೊತ್ತಿಗೆ ರೂಪಿಸಿದರು. ಮರುವರ್ಷ ಯುನಿಕ್ಸ್ ಕರ್ನಲ್ಲನ್ನೇ, ಅಂದರೆ ಆ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನೇ, ಅದರಲ್ಲಿ ಹೊಸದಾಗಿ ಬರೆಯಲಾಯಿತು. ಯಂತ್ರಕ್ಕೆ ತೀರ ಹತ್ತಿರದ ಭಾಷೆ ಇದು. ಮೆಮೊರಿಯನ್ನು ಕೇಳಿ ಪಡೆಯುವುದು, ಕೆಲಸ ಮುಗಿದ ಮೇಲೆ ಹಿಂತಿರುಗಿಸುವುದು ಎರಡೂ ಬರೆಯುವವರ ಹೊಣೆ. ಹತ್ತು ಮನೆಗಳ ಅರೇಯಲ್ಲಿ ಹನ್ನೊಂದನೆಯ ಮನೆಗೆ ಬರೆದರೂ ಭಾಷೆ ತಡೆಯುವುದಿಲ್ಲ. ಪಕ್ಕದಲ್ಲಿದ್ದ ಇನ್ಯಾವುದೋ ಬೆಲೆ ಸದ್ದಿಲ್ಲದೆ ಕೆಡುತ್ತದೆ, ಪ್ರೋಗ್ರಾಮ್ ಕುಸಿಯುವುದು ಅರ್ಧ ಗಂಟೆಯ ನಂತರ, ಮತ್ತೆಲ್ಲೋ. ಭಾಷೆ ಕಾಯದ್ದನ್ನು ಸಲಕರಣೆಗಳು ಕಾಯಬೇಕಾಯಿತು.

ಹಾಗಾಗಿ ಇವುಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂದು ಕೇಳುವುದಕ್ಕಿಂತ ತಪ್ಪನ್ನು ಯಾವ ಹೊತ್ತಿನಲ್ಲಿ ಹಿಡಿಯುತ್ತದೆ, ಅದಕ್ಕೆ ಏನು ತೆರಬೇಕು ಎಂದು ಕೇಳುವುದು ಲೇಸು. ಕೆಲವು ಕಂಪೈಲ್ ಮಾಡುವಾಗಲೇ ಗದರುತ್ತವೆ, ಕೆಲವು ಓಡುವಾಗ ಹಿಡಿಯುತ್ತವೆ, ಕೆಲವು ಎಲ್ಲ ಮುಗಿದ ಮೇಲೆ ಮರಣೋತ್ತರ ಪರೀಕ್ಷೆ ನಡೆಸುತ್ತವೆ. ಸಾಮಾನ್ಯ ಸಲಕರಣೆಗಳು ಒಳಗೆ ಕಾಲಿಡಲಾಗದ ಜಾಗವೊಂದಿದೆ: ಲಿನಕ್ಸ್ ಕರ್ನಲ್. ಅಲ್ಲಿಗೆ ಬೇಕಾದ ಕೆಲವು ಮುಖ್ಯ ಸಲಕರಣೆಗಳು ಬೆಂಗಳೂರಿನಲ್ಲಿ ತಯಾರಾದವು. ಅದಕ್ಕೆ ಈ ಲೇಖನದಲ್ಲಿ ಹೆಚ್ಚು ಜಾಗ ಸಂದಿದೆ.

ಕಂಪೈಲರ್‌ಗಳು: ಜಿಸಿಸಿ ಮತ್ತು ಕ್ಲ್ಯಾಂಗ್

ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. ಅದರ ಕಂಪೈಲರ್ ಜಿಸಿಸಿ ಮೊದಲು ಹೊರಬಿದ್ದದ್ದು 1987ರ ಮಾರ್ಚ್‌ನಲ್ಲಿ. ಮೊದಲು ಸಿ ಭಾಷೆಗಷ್ಟೇ ಇದ್ದದ್ದು ಬರಬರುತ್ತ ಹಲವು ಭಾಷೆಗಳನ್ನು ನುಂಗಿತು. 1999ರಲ್ಲಿ ಹೆಸರನ್ನೇ 'ಕಂಪೈಲರ್ ಸಂಗ್ರಹ' ಎಂಬ ಅರ್ಥಕ್ಕೆ ಬದಲಿಸಿಕೊಂಡಿತು. ಕ್ಲ್ಯಾಂಗ್‌ನ ಬೇರು ಇಲಿನಾಯ್ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿ, ಮುಂಬಯಿ ಐಐಟಿಯಲ್ಲಿ ಓದಿದ್ದ ವಿಕ್ರಮ್ ಆಡ್ವೆ ಮತ್ತು ಅವರ ವಿದ್ಯಾರ್ಥಿ ಕ್ರಿಸ್ ಲ್ಯಾಟ್ನರ್ 2000ದಲ್ಲಿ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ತಳಹದಿಯನ್ನು ಕಟ್ಟತೊಡಗಿದರು. ಅದರ ಮೇಲೆ ಆ್ಯಪಲ್ ಕಂಪನಿ ಕಟ್ಟಿದ ಸಿ ಕಂಪೈಲರೇ ಕ್ಲ್ಯಾಂಗ್. 2007ರಲ್ಲಿ ಅದರ ಕೋಡ್ ಬಯಲಿಗೆ ಬಂತು.

ಎರಡೂ ತಯಾರಿಸುವ ಯಂತ್ರಕೋಡಿನ ವೇಗದಲ್ಲಿ ಇಂದು ಹೇಳಿಕೊಳ್ಳುವಂಥ ಅಂತರವಿಲ್ಲ. ವ್ಯತ್ಯಾಸ ಮನೋಧರ್ಮದ್ದು. ಜಿಸಿಸಿಯ ಒಳಭಾಗಗಳನ್ನು ಬಿಡಿಬಿಡಿಯಾಗಿ ಹೊರಗಿನವರು ಬಳಸುವುದು ಸುಲಭವಾಗಬಾರದು, ಹಾಗಾದರೆ ಮುಚ್ಚಿದ ತಂತ್ರಾಂಶಗಳು ಅದರ ಬೆನ್ನೇರುತ್ತವೆ ಎಂಬುದು ಸ್ಟಾಲ್ಮನ್ನರ ಅಂಜಿಕೆಯಾಗಿತ್ತು. ಎಲ್‌ಎಲ್‌ವಿಎಂ ಇದಕ್ಕೆ ತದ್ವಿರುದ್ಧ: ಪ್ರತಿ ಭಾಗವೂ ಬೇರೆಯಾಗಿ ಎತ್ತಿಕೊಳ್ಳುವಂತಿದೆ. ಆದ್ದರಿಂದಲೇ ಎಡಿಟರ್‌ಗೆ ಸುಳಿವು ಕೊಡುವ ಕ್ಲ್ಯಾಂಗ್‌ಡಿ, ಕೋಡನ್ನು ಒಪ್ಪ ಮಾಡುವ ಕ್ಲ್ಯಾಂಗ್-ಫಾರ್ಮ್ಯಾಟ್, ತಪ್ಪು ಹೆಕ್ಕುವ ಕ್ಲ್ಯಾಂಗ್-ಟೈಡಿ ಎಲ್ಲ ಅದರ ಕಡೆ ಹುಟ್ಟಿದವು. ಜಿಸಿಸಿ ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿ ಇಂದಿಗೂ ಉದ್ದ. ಕ್ಲ್ಯಾಂಗ್ ಬರುವವರೆಗೆ ಜಿಸಿಸಿಯ ತಪ್ಪು ಸಂದೇಶಗಳು ಒರಟಾಗಿದ್ದವು. ಪೈಪೋಟಿ ಬಂದ ಮೇಲೆ ಅದೂ ನಯವಾಗಿ ಮಾತಾಡಲು ಕಲಿತು, 2020ರ ಹತ್ತನೆಯ ಆವೃತ್ತಿಯಲ್ಲಿ ತನ್ನದೇ ವಿಶ್ಲೇಷಕವನ್ನೂ ಸೇರಿಸಿಕೊಂಡಿತು.

ಕಲಿಯುವವರಿಗೆ ಹೇಳಬೇಕಾದ್ದು ಇಷ್ಟೆ: ಎರಡರಲ್ಲೂ ಕಂಪೈಲ್ ಮಾಡಿ ನೋಡಿ; ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ. 'ವಾಲ್' ಎಂಬ ಆಯ್ಕೆ ಹೆಸರಿಗೆ ಎಲ್ಲ ಎಚ್ಚರಿಕೆಗಳನ್ನೂ ಕೊಡುವಂಥದ್ದು. ಎಲ್ಲವನ್ನೂ ಅದು ಕೊಡುವುದಿಲ್ಲ, 'ವೆಕ್ಸ್‌ಟ್ರಾ'ವನ್ನು ಜೊತೆಗೆ ಕರೆಯಬೇಕು. ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ಬಹುಕಾಲ ನೀಲಿ ಪರದೆಯ ಟರ್ಬೊ ಸಿ ಬೀಡುಬಿಟ್ಟಿತ್ತು. ಅದರಲ್ಲಿ ಪೂರ್ಣಾಂಕಕ್ಕೆ ಎರಡೇ ಬೈಟ್, 32,767 ದಾಟಿದರೆ ಲೆಕ್ಕ ಋಣಕ್ಕೆ ಬೀಳುತ್ತಿತ್ತು. ಅಲ್ಲಿಂದ ಜಿಸಿಸಿಗೆ ಬಂದ ಎಷ್ಟೋ ಜನ ಮೊದಲ ವಾರ ಎಚ್ಚರಿಕೆಗಳನ್ನು ಕಂಡು ಕಂಗಾಲಾದದ್ದು ಸಹಜ.

ಬಿಲ್ಡ್ ಸಲಕರಣೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸ್ಟೂವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬರೆದ 'ಮೇಕ್' ಇನ್ನೂ ದುಡಿಯುತ್ತಿದೆ. ಸಾಲಿನ ಆರಂಭದಲ್ಲಿ ಟ್ಯಾಬ್ ಬದಲು ಸ್ಪೇಸ್ ಒತ್ತಿದರೆ ಸಿಡುಕುವ ಅದರ ಗುಣವೂ ಹೋಗಿಲ್ಲ. ದೊಡ್ಡ ಯೋಜನೆಗಳು ಸಿಮೇಕ್ ಅಥವಾ ಮೆಸಾನ್ ಕಡೆ ಹೊರಳಿವೆ. ಲಿನಕ್ಸ್ ಕರ್ನಲ್ ಮಾತ್ರ ಇಂದಿಗೂ ಮೇಕ್ ಬಿಟ್ಟಿಲ್ಲ.

ಮೆಮೊರಿ ತಪಾಸಕಗಳು

ಒಂದು ಚಿಕ್ಕ ಪ್ರಯೋಗ. ಹತ್ತು ಪೂರ್ಣಾಂಕಗಳಿಗಾಗುವಷ್ಟು, ಅಂದರೆ 40 ಬೈಟ್ ಮೆಮೊರಿಯನ್ನು 'ಮ್ಯಾಲಕ್' ಮೂಲಕ ಪಡೆಯಿರಿ. ಅದನ್ನು ಬೇರೊಂದು ಕಡತದಲ್ಲಿರುವ ಫಂಕ್ಷನ್ನಿಗೆ ಕಳಿಸಿ, ಅಲ್ಲಿ 'ಫ್ರೀ' ಮಾಡಿ. ಹಿಂದಿರುಗಿ ಬಂದು ಮೊದಲ ಮನೆಯ ಬೆಲೆಯನ್ನು ಮುದ್ರಿಸಿ. ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಪ್ರೋಗ್ರಾಮ್ ಏನೋ ಒಂದು ಸಂಖ್ಯೆ ತೋರಿಸಿ ಸಲೀಸಾಗಿ ಮುಗಿಯುತ್ತದೆ. ಮನೆ ಖಾಲಿ ಮಾಡಿ ಕೀಲಿ ಕೊಟ್ಟ ಮೇಲೂ ನಕಲಿ ಕೀಲಿಯಲ್ಲಿ ಒಳಹೊಕ್ಕ ಹಾಗೆ. ಹೊಸ ಬಾಡಿಗೆದಾರ ಬರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಅದೇ ಪ್ರೋಗ್ರಾಮನ್ನು ಮರುಕಂಪೈಲ್ ಮಾಡದೆ ವ್ಯಾಲ್‌ಗ್ರಿಂಡ್ ಕೆಳಗೆ ಓಡಿಸಿದರೆ, ನಾಲ್ಕು ಬೈಟ್‌ಗಳ ಅಕ್ರಮ ಓದು ನಡೆದಿದೆ, ಆ ವಿಳಾಸ ಆಗಲೇ ಬಿಟ್ಟುಕೊಟ್ಟ 40 ಬೈಟ್‌ಗಳ ತುಂಡಿನೊಳಗಿದೆ ಎಂದು ವರದಿ ಬರುತ್ತದೆ. ಓದಿದ್ದು, ಬಿಟ್ಟುಕೊಟ್ಟದ್ದು ಯಾವ ಸಾಲಿನಲ್ಲಿ ಎಂಬುದೂ ಇರುತ್ತದೆ. ವರದಿ ಕೊಟ್ಟು ಪ್ರೋಗ್ರಾಮನ್ನು ಮುಂದೆ ಓಡಲು ಬಿಡುತ್ತದೆ. ಜೂಲಿಯನ್ ಸೀವರ್ಡ್ ಬರೆದ ಈ ಸಲಕರಣೆಯ ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ಹೆಸರು ನಾರ್ಸ್ ಪುರಾಣದ ಸ್ವರ್ಗದ್ವಾರದ್ದು; 'ಗ್ರೈಂಡ್' ಎನ್ನದೆ 'ಗ್ರಿಂಡ್' ಎನ್ನಬೇಕು ಎಂದು ಮಾಡಿದವರೇ ತಿಳಿಸಿದ್ದಾರೆ. ಪ್ರತಿ ಸೂಚನೆಯನ್ನೂ ತನ್ನ ಕೃತಕ ಪ್ರೊಸೆಸರ್ ಮೇಲೆ ಓಡಿಸುವುದರಿಂದ ವೇಗ ಇಪ್ಪತ್ತು ಮೂವತ್ತು ಪಟ್ಟು ಕುಸಿಯುತ್ತದೆ.

ಗೂಗಲ್‌ನ ಎಂಜಿನಿಯರ್‌ಗಳು 2012ರಲ್ಲಿ ಪ್ರಕಟಿಸಿದ ಅಡ್ರೆಸ್ ಸ್ಯಾನಿಟೈಸರ್ ಇನ್ನೊಂದು ದಾರಿ ಹಿಡಿಯಿತು. ಕಂಪೈಲರೇ ಪ್ರತಿ ಓದು-ಬರಹದ ಮುಂದೆ ತಪಾಸಣೆಯ ಕೋಡ್ ಸೇರಿಸುತ್ತದೆ. ಪ್ರತಿ ಎಂಟು ಬೈಟ್ ಮೆಮೊರಿಗೆ ಒಂದು ಬೈಟ್ 'ನೆರಳು' ಇರುತ್ತದೆ. ಆ ಜಾಗ ಮುಟ್ಟಬಹುದೋ ಬಾರದೋ ಎಂಬುದು ನೆರಳಿನಲ್ಲಿ ಬರೆದಿರುತ್ತದೆ. ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅಷ್ಟೆ. ನಮ್ಮ ಪ್ರಯೋಗದ ಪ್ರೋಗ್ರಾಮನ್ನು ಇದು ಮೊದಲ ತಪ್ಪಿಗೇ ನಿಲ್ಲಿಸಿ, ಓದಿದ್ದು, ಬಿಟ್ಟದ್ದು, ಪಡೆದದ್ದು ಮೂರರ ಜಾಡನ್ನೂ ಕೊಡುತ್ತದೆ. ಸ್ಟ್ಯಾಕ್ ಮೇಲಿನ ಅರೇ ಉಕ್ಕಿದರೂ ಹಿಡಿಯುತ್ತದೆ. ಅದು ವ್ಯಾಲ್‌ಗ್ರಿಂಡ್ ಕೈಗೆ ಸಿಗುವುದಿಲ್ಲ. ಬೆಲೆಯನ್ನೇ ತುಂಬದ ವೇರಿಯಬಲ್ ಬಳಸಿದರೆ ವ್ಯಾಲ್‌ಗ್ರಿಂಡ್ ಹಿಡಿಯುತ್ತದೆ, ಅದು ಇದರ ಕೈಗೆ ಸಿಗುವುದಿಲ್ಲ. ದಿನನಿತ್ಯದ ಪರೀಕ್ಷೆಗೆ ಸ್ಯಾನಿಟೈಸರ್, ಮೂಲ ಕೋಡ್ ಇಲ್ಲದ ಅಥವಾ ಮರುಕಂಪೈಲ್ ಆಗದ ಪ್ರೋಗ್ರಾಮಿಗೆ ವ್ಯಾಲ್‌ಗ್ರಿಂಡ್ ಎಂಬುದು ಅನುಭವಸ್ಥರ ಪಾಠ.

ಡೀಬಗರ್ ಮತ್ತು ಅದರ ಗಡಿ

1986ರಿಂದ ಇರುವ ಜಿಡಿಬಿ, ಎಲ್‌ಎಲ್‌ವಿಎಂ ಬಳಗದ ಎಲ್‌ಎಲ್‌ಡಿಬಿ, ನಡೆದದ್ದನ್ನೆಲ್ಲ ದಾಖಲಿಸಿ ಹಿಮ್ಮುಖವಾಗಿಯೂ ಓಡಿಸಬಲ್ಲ ಮೊಜಿಲ್ಲಾ ಮೂಲದ ಆರ್‌ಆರ್ – ಇವೆಲ್ಲದರ ತಂತ್ರ ಒಂದೇ: ಪ್ರೋಗ್ರಾಮನ್ನು ತಡೆದು ನಿಲ್ಲಿಸಿ ಒಳಗೆ ಇಣುಕುವುದು. ಸಾಮಾನ್ಯ ಪ್ರೋಗ್ರಾಮಿಗೆ ಇದು ಸರಿ. ಕರ್ನಲ್ಲನ್ನೇ ನಿಲ್ಲಿಸಿದರೆ ಕೀಲಿಮಣೆ, ಡಿಸ್ಕ್, ಪರದೆ ಎಲ್ಲ ನಿಲ್ಲುತ್ತವೆ. ನಿಲ್ಲಿಸಿದ ಡೀಬಗರೂ ಅದರೊಂದಿಗೆ ನಿಲ್ಲುತ್ತದೆ. ಎರಡು ಕಂಪ್ಯೂಟರ್‌ಗಳನ್ನು ಕೇಬಲ್‌ನಿಂದ ಜೋಡಿಸಿ ಒಂದರಿಂದ ಇನ್ನೊಂದನ್ನು ನೋಡುವ ಕೆಜಿಡಿಬಿ ಇದಕ್ಕೊಂದು ಉತ್ತರ. ಅದನ್ನು ಹಲವು ವರ್ಷ ಪುಣೆಯ ಅಮಿತ್ ಕಾಳೆ ಮುಖ್ಯ ಕರ್ನಲ್‌ನ ಹೊರಗೇ ಸಾಕಿದರು. ಕರ್ನಲ್ ಡೀಬಗರ್ ಎಂದರೆ ಮೂಗು ಮುರಿಯುತ್ತಿದ್ದ, ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ 2008ರ 2.6.26 ಆವೃತ್ತಿಯಲ್ಲಿ ಕೊನೆಗೂ ಅದನ್ನು ಒಳಬಿಟ್ಟರು.

ಉಳಿದವರ ದಾರಿ 'ಪ್ರಿಂಟ್‌ಕೆ': ಅನುಮಾನ ಬಂದ ಕಡೆ ಒಂದು ಮುದ್ರಣದ ಸಾಲು ಸೇರಿಸು, ಕರ್ನಲ್ಲನ್ನು ಕಂಪೈಲ್ ಮಾಡು, ಯಂತ್ರವನ್ನು ರೀಬೂಟ್ ಮಾಡು. ವಾರಕ್ಕೊಮ್ಮೆ ಮಾತ್ರ ತಲೆದೋರುವ ತಪ್ಪು, ಹಗಲೂ ರಾತ್ರಿ ನಡೆಯಲೇಬೇಕಾದ ಸರ್ವರ್ ಆದರೆ ಈ ದಾರಿಯೂ ಮುಚ್ಚಿದಂತೆಯೇ.

ಬೆಂಗಳೂರಿನ ಕೆಪ್ರೋಬ್ಸ್

ಓಡುತ್ತಿರುವ ಕರ್ನಲ್ಲನ್ನು ನಿಲ್ಲಿಸದೆ, ಬದಲಿಸಿ ಕಂಪೈಲ್ ಮಾಡದೆ, ಬೇಕಾದ ಸೂಚನೆಯ ಹತ್ತಿರ ಕಿವಿ ಇಟ್ಟು ಕೇಳುವ ವ್ಯವಸ್ಥೆ ಕೆಪ್ರೋಬ್ಸ್. ಐಬಿಎಂ ತನ್ನ ಓಎಸ್/2ರ ಅನುಭವದಿಂದ ಲಿನಕ್ಸ್‌ಗಾಗಿ ಡಿಪ್ರೋಬ್ಸ್ ಎಂಬ ದೊಡ್ಡ ಸಲಕರಣೆಯನ್ನು ಮಾಡಿತ್ತು. ಮುಖ್ಯ ಕರ್ನಲ್‌ಗೆ ಅದು ಭಾರವಾಯಿತು. ಅದರ ತಿರುಳನ್ನಷ್ಟೇ ಬಿಡಿಸಿ ತೆಗೆದ ಕೆಲಸ ಐಬಿಎಂನ ಬೆಂಗಳೂರು ಲಿನಕ್ಸ್ ತಂತ್ರಜ್ಞಾನ ಕೇಂದ್ರದ್ದು. ಕರ್ನಲ್‌ನ ಕೆಪ್ರೋಬ್ಸ್ ಕಡತವನ್ನು ತೆರೆದರೆ ತಲೆಯಲ್ಲೇ ವಂಶಾವಳಿ ಇದೆ. 2002ರ ಅಕ್ಟೋಬರ್‌ನಲ್ಲಿ ವಂಶಿ ಕೃಷ್ಣ ಎಸ್. ಮೊದಲ ರೂಪ ಬರೆದರು, ಆಸ್ಟ್ರೇಲಿಯದ ರಸ್ಟಿ ರಸೆಲ್ ಸಲಹೆ ಕೊಟ್ಟರು. 2004ರ ಜುಲೈನಲ್ಲಿ ಸುಪರ್ಣ ಭಟ್ಟಾಚಾರ್ಯ, ಫಂಕ್ಷನ್ನಿಗೆ ಬಂದ ಆರ್ಗ್ಯುಮೆಂಟ್‌ಗಳನ್ನು ನೋಡುವ ಜೆಪ್ರೋಬ್ ಸೇರಿಸಿದರು. ಮರುತಿಂಗಳು ಪ್ರಸನ್ನ ಎಸ್. ಪಂಚಮುಖಿ ವ್ಯವಸ್ಥೆಯನ್ನು ಪರಿಷ್ಕರಿಸಿದರು. ಅಕ್ಟೋಬರ್‌ನ 2.6.9 ಆವೃತ್ತಿಯಲ್ಲಿ ಅದು ಮುಖ್ಯ ಕರ್ನಲ್ ಸೇರಿತು. ಫಂಕ್ಷನ್ ಹಿಂದಿರುಗುವಾಗ ಹಿಡಿಯುವ ರಿಟರ್ನ್ ಪ್ರೋಬ್ ಬಂದದ್ದು 2005ರ ಮೇ ತಿಂಗಳಲ್ಲಿ. ಸಂಸ್ಥೆಗಳ ಚರಿತ್ರೆಯಲ್ಲಿ ಕಾಣದ ಹೆಸರುಗಳು ಹೀಗೆ ಕಡತದ ನೆತ್ತಿಯ ಮೇಲೆ ಉಳಿದಿವೆ.

ಇದರ ಯುಕ್ತಿ ಸರಳ, ಆದರೆ ಮೈ ನವಿರೇಳಿಸುವಷ್ಟು ಧೈರ್ಯದ್ದು. ಇಂಟೆಲ್ ಬಗೆಯ ಪ್ರೊಸೆಸರ್‌ನಲ್ಲಿ ತಾನು ನೋಡಬೇಕಾದ ಸೂಚನೆಯ ಮೊದಲ ಬೈಟನ್ನು ಕೆಪ್ರೋಬ್ಸ್ ಎತ್ತಿ, ಆ ಜಾಗದಲ್ಲಿ 204 ಎಂಬ ಬೆಲೆಯನ್ನು ಇಡುತ್ತದೆ. ಪ್ರೊಸೆಸರ್‌ನ ಭಾಷೆಯಲ್ಲಿ ಅದರ ಅರ್ಥ 'ಇಲ್ಲಿ ತಡೆ'. ಮೂಲ ಸೂಚನೆಯ ನಕಲು ಬೇರೆಡೆ ಭದ್ರವಾಗಿರುತ್ತದೆ. ಪ್ರೊಸೆಸರ್ ಆ ಜಾಗಕ್ಕೆ ಬಂದು ಎಡವಿದೊಡನೆ ಕೆಪ್ರೋಬ್ಸ್ ವಿಳಾಸ ನೋಡಿ ತನ್ನದೇ ತಡೆ ಎಂದು ಗುರುತಿಸಿ, ಬಳಕೆದಾರರು ಕೊಟ್ಟ ಫಂಕ್ಷನ್ನನ್ನು ಕರೆಯುತ್ತದೆ. ರಿಜಿಸ್ಟರ್‌ಗಳೆಲ್ಲ ಆಗ ಅದರ ಕಣ್ಣ ಮುಂದೆ. ಆಮೇಲೆ ನಕಲು ಮಾಡಿಟ್ಟ ಸೂಚನೆಯೊಂದನ್ನು ಮಾತ್ರ ಓಡಿಸಿ, ಏನೂ ನಡೆದೇ ಇಲ್ಲವೆಂಬಂತೆ ಪ್ರೊಸೆಸರನ್ನು ಮುಂದಿನ ದಾರಿಗೆ ಹಚ್ಚುತ್ತದೆ. 2005ರ ಕಾಲದ ಯಂತ್ರದಲ್ಲಿ ಇಷ್ಟಕ್ಕೆ ಅರ್ಧದಿಂದ ಒಂದು ಮೈಕ್ರೋಸೆಕೆಂಡ್ ಹಿಡಿಯುತ್ತಿತ್ತೆಂದು ಕರ್ನಲ್‌ನ ದಾಖಲೆ ಹೇಳುತ್ತದೆ. ಮುಂದೆ ಜಪಾನಿನ ಮಸಾಮಿ ಹಿರಾಮತ್ಸು, ತಡೆಯ ಬದಲು ನೇರ ಜಿಗಿತದ ಸೂಚನೆ ಇಟ್ಟು ಇದನ್ನೂ ಇಳಿಸಿದರು. ಜೆಪ್ರೋಬ್ ಮಾತ್ರ ಬಾಳಲಿಲ್ಲ. ಅದಕ್ಕಿಂತ ಸುರಕ್ಷಿತ ದಾರಿಗಳು ಬಂದ ಮೇಲೆ 2018ರಲ್ಲಿ ಅದನ್ನು ಕಿತ್ತುಹಾಕಲಾಯಿತು.

ಕರ್ನಲ್ ಸತ್ತೇ ಹೋದರೆ? ಅದಕ್ಕೂ ಉತ್ತರ ಇದೇ ಬಳಗದಿಂದ ಬಂತು. ಹಿಂದಿನ ವಿಧಾನಗಳಲ್ಲಿ ಸಾಯುತ್ತಿರುವ ಕರ್ನಲ್ಲೇ ತನ್ನ ಮೆಮೊರಿಯನ್ನು ಡಿಸ್ಕಿಗೆ ಬರೆಯಬೇಕಿತ್ತು; ಕೈ ನಡುಗುವ ರೋಗಿಯಿಂದಲೇ ಅವನ ವರದಿ ಬರೆಸಿದ ಹಾಗೆ. ಐಬಿಎಂನ ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥ ಮತ್ತು ಅಮೆರಿಕದ ಎರಿಕ್ ಬೀಡರ್‌ಮನ್ 2005ರ ಒಟ್ಟಾವ ಲಿನಕ್ಸ್ ಸಮ್ಮೇಳನದಲ್ಲಿ ಕೆಡಂಪ್ ಕುರಿತ ಪ್ರಬಂಧವನ್ನು ಮಂಡಿಸಿದರು. ಯಂತ್ರ ಶುರುವಾಗುವಾಗಲೇ ಸ್ವಲ್ಪ ಮೆಮೊರಿಯನ್ನು ಬೇರೆ ತೆಗೆದಿಟ್ಟು ಅಲ್ಲೊಂದು ಎರಡನೆಯ ಕರ್ನಲ್ಲನ್ನು ಮಲಗಿಸಿರುತ್ತಾರೆ. ಮೊದಲನೆಯದು ಕುಸಿದೊಡನೆ ಬಯೋಸ್‌ನ ಹಂಗಿಲ್ಲದೆ ಎರಡನೆಯದು ಎದ್ದು, ಸತ್ತದ್ದರ ಮೆಮೊರಿಯನ್ನು ಕದಡದೆ ಕಡತವಾಗಿ ಕೊಡುತ್ತದೆ. ಆ ಕಡತವನ್ನು ರೆಡ್ ಹ್ಯಾಟ್‌ನ ಡೇವ್ ಆ್ಯಂಡರ್ಸನ್ ಬೆಳೆಸಿದ 'ಕ್ರ್ಯಾಶ್' ಸಲಕರಣೆಯಲ್ಲಿ ಬಿಡುವಾಗಿ ಕೂತು ಓದಬಹುದು. ಅದೇ ವರ್ಷ ಆಗಸ್ಟ್‌ನ 2.6.13ರಲ್ಲಿ ಕೆಡಂಪ್ ಕರ್ನಲ್ ಸೇರಿತು. ಬಳಕೆದಾರರ ಪ್ರೋಗ್ರಾಮ್‌ಗಳಿಗೆ ಕೆಪ್ರೋಬ್ಸ್‌ನಂಥದೇ ಕಿವಿಯನ್ನು ಇಡುವ ಯೂಪ್ರೋಬ್ಸ್, ಶ್ರೀಕರ್ ದ್ರೋಣಂರಾಜು ಮತ್ತು ಜಿಮ್ ಕೆನಿಸ್ಟನ್ ಅವರ ಹೆಸರಿನಲ್ಲಿ, ದೀರ್ಘ ಚರ್ಚೆಗಳ ನಂತರ 2012ರ 3.5 ಆವೃತ್ತಿಯಲ್ಲಿ ಬಂತು.

ಕೆಪ್ರೋಬ್ಸ್, ಕೆಡಂಪ್‌ಗಳ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲೇ ಬೆಂಗಳೂರು ಲಿನಕ್ಸ್ ಬಳಕೆದಾರರ ಗುಂಪು, ಅತುಲ್ ಚಿಟ್ನಿಸ್ ಮುಂತಾದವರ ಮುಂದಾಳ್ತನದಲ್ಲಿ, 2001ರಿಂದ 'ಲಿನಕ್ಸ್ ಬ್ಯಾಂಗಲೋರ್' ಸಮಾವೇಶಗಳನ್ನು ನಡೆಸುತ್ತಿತ್ತು; 2005ರಲ್ಲಿ ಅದು 'ಫಾಸ್ ಡಾಟ್ ಇನ್' ಆಯಿತು. ಸೇವಾ ಉದ್ಯಮದ ಊರೆಂದೇ ಪತ್ರಿಕೆಗಳು ಬೆಂಗಳೂರನ್ನು ಬಣ್ಣಿಸುತ್ತಿದ್ದ ಕಾಲ ಅದು.

ಟ್ರೇಸರ್‌ಗಳು: ಸಿಸ್ಟಂಟ್ಯಾಪ್ ಮತ್ತು ಬಿಪಿಎಫ್‌ಟ್ರೇಸ್

ಕೆಪ್ರೋಬ್ಸ್ ತಾನಾಗಿ ಬರಿಯ ಕೊಕ್ಕೆ. ಬಳಸಬೇಕಾದರೆ ಸಿ ಭಾಷೆಯಲ್ಲಿ ಕರ್ನಲ್ ಮಾಡ್ಯೂಲ್ ಬರೆಯಬೇಕು. ಸನ್ ಕಂಪನಿಯ ಸೊಲಾರಿಸ್‌ನಲ್ಲಿ ಡಿಟ್ರೇಸ್ ಬಂದು ಎಲ್ಲರ ಬಾಯಲ್ಲೂ ಅದೇ ಮಾತಾದಾಗ, ರೆಡ್ ಹ್ಯಾಟ್, ಐಬಿಎಂ, ಇಂಟೆಲ್ ಸೇರಿ 2005ರಲ್ಲಿ ಸಿಸ್ಟಂಟ್ಯಾಪ್ ಶುರು ಮಾಡಿದವು. ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದರೆ ಅದನ್ನು ಸಿ ಭಾಷೆಗೆ ತಿರುಗಿಸಿ, ಕಂಪೈಲ್ ಮಾಡಿ, ಮಾಡ್ಯೂಲ್ ಆಗಿ ಕರ್ನಲ್‌ಗೆ ಸೇರಿಸುತ್ತದೆ. 2014ರಿಂದ ಬೆಳೆದ, ಕರ್ನಲ್ ಒಳಗೇ ಚಿಕ್ಕ ಪ್ರೋಗ್ರಾಮ್ ಓಡಿಸುವ ಇಬಿಪಿಎಫ್ ಬೇರೆ ದಾರಿ: ಕರ್ನಲ್ ಒಳಗಿನ ಪರಿಶೀಲಕವೊಂದು, ಪ್ರೋಗ್ರಾಮ್ ಕೊನೆಗಾಣುತ್ತದೆಯೆ, ಎಲ್ಲೆ ಮೀರಿ ಮೆಮೊರಿ ಮುಟ್ಟುತ್ತದೆಯೆ ಎಂದು ನೋಡಿದ ನಂತರವೇ ಓಡಲು ಬಿಡುತ್ತದೆ. ಅದರ ಮೇಲೆ ಅಲಾಸ್ಟೇರ್ ರಾಬರ್ಟ್‌ಸನ್ ಬರೆದ ಬಿಪಿಎಫ್‌ಟ್ರೇಸ್ 2018ರಲ್ಲಿ ಹೆಸರಾಯಿತು. ಸಿಸ್ಟಂಟ್ಯಾಪ್‌ಗೆ ಸ್ವಾತಂತ್ರ್ಯ ಹೆಚ್ಚು, 'ಗುರು' ವಿಧದಲ್ಲಿ ಓಡಿಸಿ ಕೈತಪ್ಪಿದರೆ ಯಂತ್ರವೇ ಬೀಳಬಹುದು. ಬಿಪಿಎಫ್‌ಟ್ರೇಸ್‌ಗೆ ಕಟ್ಟುಪಾಡು ಹೆಚ್ಚು, ಭಯ ಕಡಿಮೆ.

ಇನ್ನೊಂದು ಅಂತರ ಊರಿನ ಮೇಲೆ ಹೋಗುತ್ತದೆ. ಸಿಸ್ಟಂಟ್ಯಾಪ್ ಪೂರ್ತಿ ಕೆಲಸ ಮಾಡಬೇಕಾದರೆ ಕರ್ನಲ್‌ನ ಡೀಬಗ್ ಮಾಹಿತಿ ಬೇಕು, ಅದು ನೂರಾರು ಮೆಗಾಬೈಟ್. ಕರ್ನಲ್ ಹೊಸದಾದಾಗಲೆಲ್ಲ ಮತ್ತೆ ಇಳಿಸಿಕೊಳ್ಳಬೇಕು. ಅಜ್ಜಂಪುರ ತಾಲ್ಲೂಕಿನ, ದುರ್ಗಾಂಬೆಯ ಜಾತ್ರೆಗೆ ಹೆಸರಾದ ಅಂತರಘಟ್ಟೆಯಂಥ ಹಳ್ಳಿಯಲ್ಲಿ ಫೋನಿನ ಹಾಟ್‌ಸ್ಪಾಟ್ ಹಿಡಿದು ಕೂತವರಿಗೆ ಆ ದಿನದ ಡೇಟಾ ಅದರಲ್ಲೇ ಕರಗುತ್ತದೆ. ಬಿಪಿಎಫ್‌ಟ್ರೇಸ್‌ಗೆ ಬೇಕಾದ ಬಿಟಿಎಫ್ ಮಾಹಿತಿ ಕೆಲವೇ ಮೆಗಾಬೈಟ್, ಈಚಿನ ಲಿನಕ್ಸ್ ವಿತರಣೆಗಳಲ್ಲಿ ಕರ್ನಲ್ ಜೊತೆಗೇ ಬಂದಿರುತ್ತದೆ. 'ಮ್ಯಾನ್' ಪುಟಗಳೂ ಯಂತ್ರದಲ್ಲೇ ಇರುವುದರಿಂದ ನೆಟ್‌ವರ್ಕ್ ಹೋದರೂ ಕಲಿಕೆ ನಿಲ್ಲುವುದಿಲ್ಲ. ಸಲಕರಣೆಗಳನ್ನು ಹೋಲಿಸುವ ಪಟ್ಟಿಗಳಲ್ಲಿ ಈ ಅಂಕಣ ಇರುವುದೇ ಅಪರೂಪ.

ಎರಡೂ ಸಲಕರಣೆಗಳು ಬಹುಮಟ್ಟಿಗೆ ಕೆಪ್ರೋಬ್ಸ್, ಯೂಪ್ರೋಬ್ಸ್‌ಗಳ ಮೇಲೆ ನಿಂತಿವೆ ಎಂಬುದನ್ನು ಗಮನಿಸಬೇಕು.

ಲೂಪ್‌ಗಳ ಗಣಿತ

ತಪ್ಪು ಹುಡುಕದೆ ವೇಗ ಹೆಚ್ಚಿಸುವ ಸಲಕರಣೆಯೊಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಡೆಯಿಂದ ಇದೆ. ಅಲ್ಲಿನ ಪ್ರಾಧ್ಯಾಪಕ ಉದಯ ಬೊಂಧುಗುಲ ಓಹಾಯೊದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಕಟ್ಟಿ 2008ರಲ್ಲಿ ಪ್ರಕಟಿಸಿದ 'ಪ್ಲೂಟೊ', ಸಿ ಭಾಷೆಯ ಲೂಪ್‌ಗಳನ್ನು ಜ್ಯಾಮಿತಿಯ ಆಕಾರಗಳಂತೆ ಕಂಡು, ಹಲವು ಕೋರ್‌ಗಳಿಗೆ ಹಂಚುವಂತೆ, ಕ್ಯಾಶ್‌ಗೆ ಒಗ್ಗುವಂತೆ ಮತ್ತೆ ಸಿ ಭಾಷೆಯಲ್ಲೇ ಬರೆದುಕೊಡುತ್ತದೆ. ಜಿಸಿಸಿಯ ಗ್ರಾಫೈಟ್, ಎಲ್‌ಎಲ್‌ವಿಎಂನ ಪಾಲಿ ಇದೇ ಕೆಲಸವನ್ನು ಕಂಪೈಲರ್ ಹೊಟ್ಟೆಯೊಳಗೆ ಮಾಡುತ್ತವೆ. ಏನು ಬದಲಾಯಿತೆಂದು ಕಣ್ಣಾರೆ ನೋಡಿ ಕಲಿಯಲು ಪ್ಲೂಟೊ ವಾಸಿ.

ಕನ್ನಡದ ಹೆಸರುಗಳು

ಸಿ ಭಾಷೆಯ 1999ರ ಮಾನಕವೇ ಕನ್ನಡ ಅಕ್ಷರಗಳ ವೇರಿಯಬಲ್ ಹೆಸರುಗಳಿಗೆ ಅವಕಾಶ ಕೊಟ್ಟಿತ್ತು. ಕ್ಲ್ಯಾಂಗ್ ಅದನ್ನು ಮೊದಲೇ ಒಪ್ಪಿತು. ಜಿಸಿಸಿ 2020ರ ಹತ್ತನೆಯ ಆವೃತ್ತಿಯಿಂದ ನೇರವಾಗಿ ಟೈಪಿಸಿದ ಹೆಸರನ್ನು ಸ್ವೀಕರಿಸುತ್ತದೆ. 'ಮೊತ್ತ' ಎಂಬ ಹೆಸರಿಟ್ಟು ನೋಡಿ. ಅದರ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎಕಾರದ ಚಿಹ್ನೆಗೆ ಊಕಾರದ ಚಿಹ್ನೆ ಸೇರಿಸಿ ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬೈಟ್‌ಗಳನ್ನಷ್ಟೇ ನೋಡುವ ಕಂಪೈಲರ್‌ಗೆ ಅವು ಎರಡು ಬೇರೆ ಹೆಸರುಗಳು. ಇಂಥಲ್ಲಿ ಕೆಲಸಕ್ಕೆ ಬರಲೆಂದೇ ಜಿಸಿಸಿಯಲ್ಲಿ 'ನಾರ್ಮಲೈಸ್ಡ್' ಎಂಬ ಎಚ್ಚರಿಕೆ ಇದೆ.

ರಸ್ಟ್ ಬಂದ ಮೇಲೆ

2015ರಲ್ಲಿ 1.0 ಆವೃತ್ತಿ ಕಂಡ ರಸ್ಟ್ ಭಾಷೆ, ಮೇಲೆ ಹೇಳಿದ 40 ಬೈಟ್‌ಗಳ ತಪ್ಪನ್ನು ಕಂಪೈಲ್ ಆಗಲೇ ಬಿಡುವುದಿಲ್ಲ. ಬಿಲ್ಡ್‌ಗೆ ಕಾರ್ಗೊ, ಒಪ್ಪಕ್ಕೆ ರಸ್ಟ್‌ಫಾರ್ಮ್ಯಾಟ್, ಬುದ್ಧಿಮಾತಿಗೆ ಕ್ಲಿಪ್ಪಿ, ಎಡಿಟರ್‌ಗೆ ರಸ್ಟ್-ಅನಲೈಸರ್ ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದೇ ಒಪ್ಪಿತ ಸಲಕರಣೆ. ಐವತ್ತು ವರ್ಷ ಚದುರಿ ಬೆಳೆದ ಸಿ ಸಲಕರಣೆಗಳ ಎದುರು ಇದು ಒಂದೇ ಸೂರಿನ ಮನೆ. ಆದರೆ ಕಂಪೈಲ್‌ಗೆ ಹೆಚ್ಚು ಹೊತ್ತು, ಡಿಸ್ಕ್‌ನಲ್ಲಿ ಹೆಚ್ಚು ಜಾಗ ಬೇಡುವ ಮನೆ. 2022ರ ಡಿಸೆಂಬರ್‌ನ 6.1 ಆವೃತ್ತಿಯಿಂದ ಲಿನಕ್ಸ್ ಕರ್ನಲ್ ಒಳಗೂ ರಸ್ಟ್‌ಗೆ ಎಡೆಯಿದೆ. ರಸ್ಟ್ ಕಂಪೈಲರ್ ತಯಾರಿಸುವ ಒಳಹೆಸರುಗಳು ಎಷ್ಟು ಉದ್ದವೆಂದರೆ ಅವನ್ನು ಹಿಡಿಸಲು ಕರ್ನಲ್ ತನ್ನ ಹೆಸರುಗಳ ಮಿತಿಯನ್ನು 128ರಿಂದ 512ಕ್ಕೆ ಏರಿಸಬೇಕಾಯಿತು. ಆ ಉದ್ದನೆಯ ಹೆಸರಿನ ಫಂಕ್ಷನ್ನಿಗೂ ತಡೆ ಇಡಬೇಕೆಂದರೆ ಇಂಟೆಲ್ ಯಂತ್ರದಲ್ಲಿ ಕೆಪ್ರೋಬ್ಸ್ ಮೊದಲು ಹಾಕುವುದು ಅದೇ 204ನ್ನೇ.